ಆ ಮೆಟ್ಟಿಲು ಹತ್ತೋಕೆ ಎರಡು ಗುರುವಾರ ಬೇಕಾಯ್ತು

ಬಳ್ಳಾರಿಯ ಕೌಲ್ ಬಜಾರ್ ಕಡೆ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಪಂಪ್‌ಸೆಟ್ ಮೋಟಾರ್ ಬಿಚ್ಚೋದು, ಕರಿ ಹಿಡಿದ ತಂತಿ ಕಿತ್ತು ತೆಗೆಯೋದು, ಸ್ಲಾಟಿಗೆ ಪೇಪರ್ ಹಾಕಿ ಹೊಸ ತಾಮ್ರದ ಕಾಯಿಲ್ ಕೂರಿಸೋದು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಪೂರ್ತಿ ಕೈಯ ಕೆಲಸ ಇದು. ತಂತಿ ಮೇಲಿನ ಇನಾಮೆಲ್ ಒಂದು ಕಡೆ ಗೀಚಿಕೊಂಡರೂ ಸಾಕು, ರೈತ ಹೊಲಕ್ಕೆ ಒಯ್ದು ಸ್ವಿಚ್ ಹಾಕಿದ ಎರಡು ದಿನಕ್ಕೆ ಮತ್ತೆ ಸುಟ್ಟು ವಾಪಸ್ ಬರುತ್ತದೆ.

ಆ ಕೈ ದಿನಾ ಬೆಳಗ್ಗೆ ನಡುಗುತ್ತಿತ್ತು. ಷಟರ್ ಬೀಗಕ್ಕೆ ಕೀಲಿ ಹಾಕೋಕೆ ಎರಡೂ ಕೈ ಬೇಕಾಗುತ್ತಿತ್ತು. ಒಂದು ನೈಂಟಿ ಪ್ಯಾಕೆಟ್ ಹೊಟ್ಟೆಗೆ ಇಳಿದ ಮೇಲೆ ಹತ್ತು ಹದಿನೈದು ನಿಮಿಷಕ್ಕೆ ಕೈ ನಿಲ್ಲುತ್ತಿತ್ತು. ಆಮೇಲೇ ತಂತಿ ಮುಟ್ಟುತ್ತಿದ್ದೆ. ಕುಡಿದರೆ ಕೈ ನಿಲ್ಲುತ್ತದೆ, ಕೈ ನಿಂತರೆ ಕೆಲಸ, ಕೆಲಸ ಆದರೆ ಮನೆ ನಡೆಯುತ್ತದೆ. ಹೀಗೆ ಲೆಕ್ಕ ಹಾಕಿಕೊಂಡು ಎಷ್ಟು ವರ್ಷ ಕಳೆದೆನೋ.

ಈಗ ನಾನು ಎಎ ಮೀಟಿಂಗ್‌ಗೆ ಹೋಗುತ್ತೇನೆ. ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕು ಅನ್ನೋರು ಸೇರಿ ತಮ್ಮ ತಮ್ಮ ಕಥೆ ಹೇಳಿಕೊಳ್ಳೋ ಗುಂಪು. ಹೋದ ತಿಂಗಳು ಇಬ್ಬರು ನನ್ನ ಹತ್ತಿರ ಬಂದು ಒಂದೇ ಪ್ರಶ್ನೆ ಕೇಳಿದರು. ಒಬ್ಬ ಸಿರುಗುಪ್ಪ ಕಡೆಯ ಹುಡುಗ, ಅಪ್ಪನಿಗಾಗಿ ಕೇಳಿದ್ದು. ಇನ್ನೊಬ್ಬರು ತಮಗಾಗಿಯೇ. "ಆ ಮೀಟಿಂಗ್‌ನಲ್ಲಿ ಏನ್ ಮಾಡ್ತಾರಣ್ಣ?" ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಹೆಸರು ಹಾಕುತ್ತಿಲ್ಲ. ಅಲ್ಲಿನ ಪದ್ಧತಿ ಹಾಗೆ.

ಮೊದಲು, ಮೀಟಿಂಗ್‌ಗೆ ಹೋಗೋ ಮುಂಚೆ ನಾನು ಏನೇನು ಮಾಡಿದೆ ಅಂತ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಎಲ್ಲರೂ ಇದನ್ನೇ ಮಾಡುತ್ತಾರೆ.

ಅಪ್ಪ ಸಾರಾಯಿ ಕುಡಿಯುತ್ತಿದ್ದರು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದ್ ಆಯಿತು. ಆಗ ಅಮ್ಮ ದುರ್ಗಮ್ಮನ ಗುಡಿಗೆ ಹೋಗಿ ಕಾಯಿ ಒಡೆಸಿ ಬಂದಿದ್ದಳು. ಒಂದು ವಾರಕ್ಕೆ ಅಪ್ಪ ಅಗ್ಗದ ವಿಸ್ಕಿಗೆ ಬದಲಾದರು, ಖರ್ಚು ಜಾಸ್ತಿ ಆಯಿತು ಅಷ್ಟೆ. ನಾನು ಆಗಲೇ ಶುರು ಮಾಡಿದ್ದೆ.

ನಾನು ಬಿಡೋಕೆ ಪ್ರಯತ್ನ ಮಾಡಲಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. ಅಯ್ಯಪ್ಪ ಮಾಲೆ ಹಾಕಿದೆ, ನಾಲ್ಕು ವರ್ಷ. 41 ದಿನ ಒಂದು ಹನಿ ಮುಟ್ಟಲಿಲ್ಲ. ಬರಿಗಾಲು, ತಣ್ಣೀರು ಸ್ನಾನ, ಒಂದು ದಿನವೂ ತಪ್ಪಲಿಲ್ಲ. ಆದರೆ 41 ದಿನಕ್ಕೆ ಕೊನೆ ಅಂತ ಒಂದಿದೆ ಅಲ್ವಾ, ಇಪ್ಪತ್ತು ದಿನ ಕಳೆದ ಮೇಲೆ ನಾನು ಎಣಿಸುತ್ತಿದ್ದದ್ದು ಅದನ್ನೇ. ಮಾಲೆ ತೆಗೆದ ದಿನ ರಾತ್ರಿಯೇ ಕುಡಿಯುತ್ತಿದ್ದೆ. ಆಮೇಲೆ ಆಣೆ. ದುರ್ಗಮ್ಮನ ಮುಂದೆ ಕರ್ಪೂರ ಹಚ್ಚಿ, ಮಗಳ ತಲೆ ಮೇಲೆ ಕೈ ಇಟ್ಟು, ಜೀವನಪೂರ್ತಿ ಕುಡಿಯಲ್ಲ ಅಂದೆ. ಹನ್ನೊಂದು ದಿನ. ಆಣೆ ಮುರಿದ ಮೇಲೆ ಮಗಳ ಮುಖ ನೋಡೋಕೆ ಆಗಲಿಲ್ಲ, ನೋಡೋಕೆ ಆಗಲಿಲ್ಲ ಅಂತ ಇನ್ನೂ ಜಾಸ್ತಿ ಕುಡಿದೆ.

ಪುಡಿಯ ವಿಷಯ ಹೇಳಲೇಬೇಕು. ಗೋಡೆ ಮೇಲೆ, ಬಸ್ ಸ್ಟ್ಯಾಂಡ್ ಕಂಬದ ಮೇಲೆ ಚೀಟಿ ಅಂಟಿಸಿರುತ್ತಾರೆ, "ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ" ಅಂತ. ನನ್ನ ಹೆಂಡತಿ ಕಿವಿಯೋಲೆ ಅಡ ಇಟ್ಟು ಆ ಪುಡಿ ತಂದಳು. ಸಾರಿನಲ್ಲಿ ಬೆರೆಸಿದಳು. ಅವತ್ತು ರಾತ್ರಿ ಕುಡಿದು ಅರ್ಧ ಗಂಟೆ ಆಗಿರಲಿಲ್ಲ, ಮುಖ ಕೆಂಡದ ಹಾಗೆ ಕಾದು ಎದೆ ಡಬಡಬ ಹೊಡೆದುಕೊಳ್ಳೋಕೆ ಶುರುವಾಯಿತು, ವಾಂತಿ ನಿಲ್ಲಲೇ ಇಲ್ಲ, ಕಣ್ಣು ಕತ್ತಲೆ ಬಂದು ಬಚ್ಚಲಲ್ಲೇ ಬಿದ್ದೆ. ಸತ್ತೇ ಹೋಗುತ್ತೇನೆ ಅಂದುಕೊಂಡೆ. ಅವಳೂ ಹಾಗೇ ಅಂದುಕೊಂಡು ಅಳುತ್ತಾ ಎಲ್ಲ ಹೇಳಿಬಿಟ್ಟಳು. ಇಂಥ ಪುಡಿಗಳಲ್ಲಿ ಡೈಸಲ್ಫಿರಾಮ್ ಅನ್ನೋ ಮಾತ್ರೆಯನ್ನು ಅರೆದು ಬೆರೆಸಿರೋದುಂಟು ಅಂತ ಮುಂದೆ ಡಾಕ್ಟರ್ ವಿವರಿಸಿದರು. ಅದು ನಿಜವಾದ ಔಷಧಿಯೇ. ಆದರೆ ಕುಡಿಯೋ ಮನುಷ್ಯನಿಗೆ ಹೇಳಿ, ಅವನು ಒಪ್ಪಿ, ಹೃದಯ, ಲಿವರ್ ಪರೀಕ್ಷೆ ಮಾಡಿ ಕೊಡಬೇಕಾದದ್ದು. ಗೊತ್ತಿಲ್ಲದೆ ಕೊಟ್ಟರೆ ಜೀವಕ್ಕೇ ಅಪಾಯ. ಇದನ್ನು ಓದುತ್ತಿರುವ ಅಕ್ಕ ತಂಗಿಯರು ಯಾರಾದರೂ ಆ ಚೀಟಿಯ ನಂಬರ್ ಬರೆದಿಟ್ಟುಕೊಂಡಿದ್ದರೆ, ದಯವಿಟ್ಟು ಹರಿದು ಹಾಕಿ.

ಅದಾದ ಮೇಲೆ ಹಠ ಬಂತು. ಯಾರ ಸಹಾಯವೂ ಬೇಡ, ನಾನೇ ಬಿಡುತ್ತೇನೆ ಅಂತ ಒಂದು ಸೋಮವಾರ ಬೆಳಗ್ಗೆ ನಿಲ್ಲಿಸಿದೆ. ಮಂಗಳವಾರ ಮಧ್ಯಾಹ್ನ ಅಂಗಡಿಯಲ್ಲಿ ಫಿಟ್ಸ್ ಬಂದು ಬಿದ್ದೆ. ನನ್ನ ಹತ್ತಿರ ಕೆಲಸ ಕಲಿಯುತ್ತಿದ್ದ ಹುಡುಗ ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಹೊತ್ತುಕೊಂಡು ಹೋದ. ಅಲ್ಲಿ ಒಂಬತ್ತು ದಿನ ಇದ್ದೆ.

ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಬಾರದು, ಇದು ನನಗೆ ಗೊತ್ತಿರಲಿಲ್ಲ. ನಿಲ್ಲಿಸಿದ ಕೆಲವೇ ಗಂಟೆಯಲ್ಲಿ ನಡುಕ, ಬೆವರು ಶುರುವಾಗುತ್ತದೆ. ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಹುಳ ಹರಿದ ಹಾಗೆ, ಯಾರೋ ಕರೆದ ಹಾಗೆ ಆಗುತ್ತದೆ. ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ, ಚಿಕಿತ್ಸೆ ಇಲ್ಲದಿದ್ದರೆ ಪ್ರಾಣ ಹೋಗೋದೂ ಉಂಟು. ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟು, ಅದನ್ನು ದಿನದಿನಕ್ಕೆ ಇಳಿಸಿ, ಬಿ1 ವಿಟಮಿನ್ ಇಂಜೆಕ್ಷನ್ ಹಾಕಿ ನೋಡಿಕೊಂಡರು. ಹಾಗಾಗಿ ಮೊದಲು ಡಾಕ್ಟರ್, ಆಮೇಲೆ ಮೀಟಿಂಗ್. ಈ ಕ್ರಮ ತಪ್ಪಿಸಬೇಡಿ.

ಅಲ್ಲಿದ್ದಾಗ ಒಂದು ವಿಷಯ ಕೇಳಿ ಆಶ್ಚರ್ಯ ಆಯಿತು. ಮನಸ್ಸಿನ ಕಾಯಿಲೆಗೆ ಹಳ್ಳಿಯ ಹತ್ತಿರದ ಆಸ್ಪತ್ರೆಯಲ್ಲೇ ಚಿಕಿತ್ಸೆ ಸಿಗಬೇಕು ಅಂತ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಮೊದಲು ಮಾಡಿ ನೋಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಂತೆ. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ದೇಶದಲ್ಲಿ ಶುರು ಮಾಡಿದರಂತೆ. ಅದೇ ಊರಲ್ಲಿ ಹುಟ್ಟಿ ಬೆಳೆದ ನಾನು ಗೋಡೆ ಮೇಲಿನ ಚೀಟಿ ಓದಿದ್ದೆ, ಇದನ್ನು ಮಾತ್ರ ಕೇಳಿರಲಿಲ್ಲ.

ಡಿಸ್ಚಾರ್ಜ್ ಆಗೋ ದಿನ ಕೌನ್ಸೆಲರ್ ಮೇಡಂ ಒಂದು ಫೋನ್ ನಂಬರ್ ಬರೆದುಕೊಟ್ಟರು. "ದೇಹದಿಂದ ಹೋಗಿದೆ, ತಲೆಯಿಂದ ಹೋಗೋಕೆ ಟೈಮ್ ಬೇಕು. ಇವರ ಹತ್ತಿರ ಮಾತಾಡ್ರಿ" ಅಂದರು. ಎಎ ಗುಂಪಿನವರೊಬ್ಬರ ನಂಬರ್ ಅದು. ಆ ಚೀಟಿ ಮೂರು ವಾರ ನನ್ನ ಜೇಬಲ್ಲಿತ್ತು, ಬೆವರಿಗೆ ಅಂಕಿ ಅಳಿಸೋ ಹಾಗಾಗಿತ್ತು. ಅಷ್ಟರಲ್ಲಿ ಮತ್ತೆ ಕುಡಿಯೋಕೆ ಶುರು ಮಾಡಿದ್ದೆ. ಒಂದು ರಾತ್ರಿ ಅಂಗಡಿಯಲ್ಲಿ ಕೂತು ಫೋನ್ ಮಾಡಿದೆ. ಆ ಕಡೆಯವರು ನನ್ನ ಹೆಸರು, ಊರು, ಜಾತಿ ಏನೂ ಕೇಳಲಿಲ್ಲ. "ನಾನೂ ಕುಡಿತಿದ್ದೆ ಅಣ್ಣ. ಗುರುವಾರ ಏಳಕ್ಕೆ ಬರ್ರಿ" ಅಂದರು, ಜಾಗ ಹೇಳಿದರು.

ಒಂದು ಶಾಲೆಯ ಮಹಡಿ ಮೇಲಿನ ಕೋಣೆ ಅದು. ಹೊರಗಡೆಯಿಂದ ಮೆಟ್ಟಿಲು, ರಸ್ತೆಗೆ ಪೂರ್ತಿ ಕಾಣುತ್ತದೆ. ಎದುರಿಗೆ ಟೀ ಅಂಗಡಿ. ಮೊದಲ ಗುರುವಾರ ಗಾಡಿ ನಿಲ್ಲಿಸಿಕೊಂಡು ಅದರ ಮೇಲೇ ಕೂತೆ. ಪರಿಚಯದ ಒಬ್ಬರು ಹೋಗುತ್ತಾ "ಏನಣ್ಣ ಇಲ್ಲಿ?" ಅಂದರು. "ಒಬ್ಬರಿಗೆ ಕಾಯ್ತಿದ್ದೀನಿ" ಅಂದೆ. ಐದು ನಿಮಿಷ ಬಿಟ್ಟು ಗಾಡಿ ಸ್ಟಾರ್ಟ್ ಮಾಡಿ ಬಾರ್‌ಗೆ ಹೋದೆ. ಈಗ ನೆನೆಸಿಕೊಂಡರೆ ಹೊಟ್ಟೆ ಸಂಕಟ ಆಗುತ್ತದೆ. ಇಡೀ ಕೌಲ್ ಬಜಾರ್ ನನ್ನನ್ನು ಬಾರ್‌ನಲ್ಲಿ ನೋಡಿದೆ, ಚರಂಡಿ ಪಕ್ಕ ಬಿದ್ದಿದ್ದಾಗಲೂ ನೋಡಿದೆ. ಆಗ ಆಗದ ನಾಚಿಕೆ ಆ ಮೆಟ್ಟಿಲು ಹತ್ತೋಕೆ ಆಯಿತು.

ಮುಂದಿನ ಗುರುವಾರ ಮಧ್ಯಾಹ್ನ, ಅವತ್ತು ಫೋನಿನಲ್ಲಿ ಸಿಕ್ಕಿದ್ದ ಎಎಯವರೇ ಫೋನ್ ಮಾಡಿದರು. "ಹೋದ ವಾರ ಕೆಳಗೆ ಗಾಡಿ ಮೇಲೆ ಕೂತಿದ್ದವರು ನೀವೇ ಅಲ್ವಾ? ನಾನು ಮೂರು ಸಲ ಹಂಗೇ ವಾಪಸ್ ಹೋಗಿದ್ದೆ. ಇವತ್ತು ನಾನು ಕೆಳಗೇ ನಿಂತಿರ್ತೀನಿ, ಜೊತೆಗೆ ಹತ್ತೋಣ." ನಿಂತಿದ್ದರು. ಹತ್ತಿದೆವು.

ಒಳಗೆ ಮಕ್ಕಳ ಬೆಂಚು, ಗೋಡೆ ಮೇಲೆ ಅ ಆ ಇ ಈ ಚಾರ್ಟ್, ಸುತ್ತಲೂ ಹದಿಮೂರು ಹದಿನಾಲ್ಕು ಜನ. ಮೊದಲು ನೋಡಿದ ಮುಖವೇ ಪರಿಚಯದ್ದು. ಆರು ತಿಂಗಳ ಹಿಂದೆ ನನ್ನ ಹತ್ತಿರ ಮೂರು ಎಚ್‌ಪಿ ಮೋಟಾರ್ ರಿಪೇರಿಗೆ ಕೊಟ್ಟಿದ್ದ ಹಿರಿಯರು. ನಾನು ಕಟ್ಟಿದ ವೈಂಡಿಂಗ್ ಮೂರೇ ದಿನಕ್ಕೆ ಸುಟ್ಟಿತ್ತು, ಮೆಣಸಿನ ಗಿಡ ಒಣಗಿತ್ತು, ಅಂಗಡಿ ಮುಂದೆ ನಿಂತು ಜಗಳ ಆಡಿದ್ದರು. ನಾನು ಕರೆಂಟ್ ಮೇಲೆ ತಪ್ಪು ಹಾಕಿ ಕಳಿಸಿದ್ದೆ. ಇವತ್ತು ಎಲ್ಲರ ಮುಂದೆ ಎತ್ತಾಡುತ್ತಾರೆ ಅಂತ ಕಾಲು ಹಿಂದೆ ಸರಿಯಿತು. ಅವರು ಪಕ್ಕದ ಜಾಗ ಕೈಯಲ್ಲಿ ಒರೆಸಿ "ಕೂರ್ಚೋ ನಾಯನಾ" ಅಂದರು, ಅಷ್ಟೇ.

ನಮ್ಮ ಊರಿನ ಹಾಗೇ ಇದೆ ಆ ಮೀಟಿಂಗ್. ಒಬ್ಬರು ಕನ್ನಡದಲ್ಲಿ ಶುರು ಮಾಡಿ ಅಳು ಬಂದಾಗ ತೆಲುಗಿಗೆ ಹೋಗುತ್ತಾರೆ. ಒಬ್ಬ ಭಾಯ್ ಉರ್ದು ಕನ್ನಡ ಬೆರೆಸಿ ಮಾತಾಡುತ್ತಾರೆ. ಜೀನ್ಸ್ ಹೊಲಿಯೋರು, ಗಣಿಯಲ್ಲಿ ಲಾರಿ ಓಡಿಸಿದವರು, ಒಬ್ಬರು ರಿಟೈರ್ಡ್ ಮೇಷ್ಟ್ರು. ಹೆಸರು ಹೇಳಿ "ನಾನೊಬ್ಬ ಆಲ್ಕೊಹಾಲಿಕ್" ಅಂತ ಶುರು ಮಾಡುತ್ತಾರೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕೋ ಹಾಗಿಲ್ಲ. ಬುದ್ಧಿ ಹೇಳೋ ಹಾಗಿಲ್ಲ. ಇದು ನನಗೆ ತುಂಬಾ ಹಿಡಿಸಿತು, ಯಾಕೆಂದರೆ ಇಪ್ಪತ್ತು ವರ್ಷ ಎಲ್ಲರೂ ನನಗೆ ಬುದ್ಧಿ ಹೇಳಿದ್ದರು, ಯಾರೂ ತಮ್ಮ ಕಥೆ ಹೇಳಿರಲಿಲ್ಲ. ಆ ಲಾರಿ ಡ್ರೈವರ್, ಬೆಳಗ್ಗೆ ಎದ್ದು ಮೊದಲು ಬಾಟಲಿ ಹುಡುಕೋದು, ಬಚ್ಚಿಟ್ಟ ಜಾಗ ಮರೆತು ಹೆಂಡತಿ ಮೇಲೆ ಕೂಗಾಡೋದು ಹೇಳಿದಾಗ ನನ್ನ ಮನೆಗೇ ಬಂದು ನೋಡಿದ್ದಾನೇನೋ ಅನ್ನಿಸಿತು. ನನ್ನ ಸರದಿ ಬಂದಾಗ ಹೆಸರು ಮಾತ್ರ ಹೇಳಿದೆ. ಸಾಕು ಅಂದರು.

ಫೀಸಿಲ್ಲ, ರಿಜಿಸ್ಟರ್ ಇಲ್ಲ. ಕುಡಿತ ಬಿಡಬೇಕು ಅನ್ನೋ ಆಸೆ ಒಂದಿದ್ದರೆ ಮುಗಿಯಿತು, ಬೇರೆ ಯಾವ ಅರ್ಹತೆಯೂ ಬೇಡ. ಕೊನೆಗೆ ಒಂದು ಚೀಲ ಬರುತ್ತದೆ, ಇದ್ದವರು ಹತ್ತು ಇಪ್ಪತ್ತು ಹಾಕುತ್ತಾರೆ, ಟೀ ಮತ್ತು ಬಾಡಿಗೆಗೆ. ಹೊರಗಿನವರಿಂದ ದೇಣಿಗೆ ತೆಗೆದುಕೊಳ್ಳೋದಿಲ್ಲ. ಅಲ್ಲಿ ಕೇಳಿದ್ದು ಅಲ್ಲೇ ಬಿಟ್ಟು ಬರಬೇಕು.

ಟೀ ಕೊಟ್ಟರು. ಪೇಪರ್ ಕಪ್. ನನ್ನದರಲ್ಲಿ ಅರ್ಧ ಮಾತ್ರ ಇತ್ತು. ಉಳಿದವರಿಗೆ ತುಂಬಾ ಕೊಟ್ಟು ನನಗೆ ಯಾಕೆ ಅರ್ಧ ಅಂತ ಮನಸ್ಸಿಗೆ ಚುಚ್ಚಿತು, ಹೇಳಲಿಲ್ಲ. ಕಪ್ ಬಾಯಿ ಹತ್ತಿರ ತರುವಾಗ ಕೈ ನಡುಗಿತು, ಟೀ ಕಪ್ಪಿನ ಗೋಡೆಗೆ ಬಡಿಯಿತು, ಹೊರಗೆ ಚೆಲ್ಲಲಿಲ್ಲ. ಆಗ ಗೊತ್ತಾಯಿತು. ಪಕ್ಕದಲ್ಲಿದ್ದ ಆ ಹಿರಿಯರು ಮೆಲ್ಲಗೆ ಅಂದರು, "ಆವತ್ತು ಜಗಳ ಆಡುವಾಗಲೇ ನಿನ್ನ ಕೈ ನೋಡಿದ್ದೆ. ಬಯ್ಯೋದು ನಿಲ್ಲಿಸಿ ಹೊರಟುಹೋಗಿದ್ದು ಅದಕ್ಕೇ."

ಮುಂದಿನ ವಾರಗಳಲ್ಲಿ ಮೇಷ್ಟ್ರು ಈ ಗುಂಪು ಹುಟ್ಟಿದ ಕಥೆ ಹೇಳಿದರು. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಅನ್ನೋ ಊರು. ಬಿಲ್ ಅನ್ನೋ ಷೇರು ವ್ಯಾಪಾರದ ಮನುಷ್ಯ, ಕುಡಿತ ಬಿಟ್ಟು ಐದಾರು ತಿಂಗಳು, ಬಂದ ಕೆಲಸ ಕೈಕೊಟ್ಟು ಹೋಟೆಲಿನಲ್ಲಿ ಒಬ್ಬನೇ ನಿಂತಿದ್ದ. ಒಂದು ಕಡೆ ಬಾರ್, ಇನ್ನೊಂದು ಕಡೆ ಫೋನ್. ಫೋನ್ ಕಡೆ ಹೋದ, ತನ್ನಂಥ ಇನ್ನೊಬ್ಬ ಕುಡುಕನ ಹತ್ತಿರ ಮಾತಾಡಬೇಕು ಅಂತ ಕೇಳಿದ. ಹಾಗೆ ಸಿಕ್ಕಿದ್ದು ಡಾಕ್ಟರ್ ಬಾಬ್, ಸರ್ಜನ್. ಜೂನ್ 10ರ ಬೆಳಗ್ಗೆ ಬಾಬ್ ಆಪರೇಷನ್ ಮಾಡಬೇಕಿತ್ತು, ಕೈ ನಡುಗುತ್ತಿತ್ತು. ಕೈ ನಿಲ್ಲಲಿ ಅಂತ ಬಿಲ್ಲೇ ಅವರಿಗೆ ಒಂದು ಬಿಯರ್ ಕೊಟ್ಟ. ಆಪರೇಷನ್ ಮಾಡಿ ಬಂದರು. ಅದೇ ಕೊನೆಯ ಬಿಯರ್, 1950ರಲ್ಲಿ ತೀರಿಕೊಳ್ಳೋವರೆಗೂ ಮತ್ತೆ ಮುಟ್ಟಲಿಲ್ಲ. ಆ ದಿನವನ್ನೇ ಎಎ ಹುಟ್ಟಿದ ದಿನ ಅಂತ ಲೆಕ್ಕ ಹಿಡಿಯುತ್ತಾರೆ. ಆ ಕಥೆ ಕೇಳಿ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸರ್ಜನ್ ಆದರೇನು, ವೈಂಡಿಂಗ್ ಮಾಡೋನಾದರೇನು, ಕೈ ಒಂದೇ ಥರ ನಡುಗುತ್ತದೆ.

ಜೀವನಪೂರ್ತಿ ಅನ್ನೋ ಮಾತು ಅಲ್ಲಿ ಯಾರೂ ಆಡಲ್ಲ. ಇವತ್ತೊಂದು ದಿನ, 24 ಗಂಟೆ. ಆಣೆ ಮಾಡಿ ಸೋತವನಿಗೆ ಇದು ಎಂಥ ದೊಡ್ಡ ಬಿಡುಗಡೆ ಅಂತ ಸೋತವರಿಗೇ ಗೊತ್ತು.

ನನಗೆ ಎಲ್ಲವೂ ಒಪ್ಪಿಗೆ ಆಯಿತು ಅಂತಲ್ಲ. ಕುಡಿತ ಬಿಡೋಕೆ ಎಎ ಹೇಳೋ ಹನ್ನೆರಡು ಹೆಜ್ಜೆಗಳಲ್ಲಿ ಮೊದಲನೆಯದೇ, ಕುಡಿತದ ಮುಂದೆ ನನ್ನ ಕೈಲಿ ಏನೂ ಆಗಲ್ಲ ಅಂತ ಒಪ್ಪಿಕೊಳ್ಳೋದು. ಗಂಡಸು ಹೀಗೆ ಹೇಳಬಹುದಾ ಅಂತ ಎರಡು ತಿಂಗಳು ಜಗ್ಗಾಡಿದೆ. ದೇವರ ಮಾತು ಬರುತ್ತದೆ, ಅವರವರಿಗೆ ತಿಳಿದ ಹಾಗಿನ ದೇವರು ಅಂತಾರೆ. ಭಾಯ್ ಅಲ್ಲಾ ಅನ್ನುತ್ತಾರೆ, ನಾನು ದುರ್ಗಮ್ಮ ಅಂದುಕೊಳ್ಳುತ್ತೇನೆ, ಮೇಷ್ಟ್ರು ದೇವರನ್ನು ನಂಬಲ್ಲ, ಈ ಗುಂಪೇ ನನಗಿಂತ ದೊಡ್ಡದು ಸಾಕು ಅನ್ನುತ್ತಾರೆ. ಯಾರೂ ಯಾರ ಹತ್ತಿರವೂ ವಾದ ಮಾಡಲ್ಲ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಮೀಟಿಂಗ್‌ಗೆ ಹೋಗುತ್ತೇನೆ ಅಂತ ಡಾಕ್ಟರ್ ಕೊಟ್ಟ ಮಾತ್ರೆ ಬಿಡಬೇಡಿ. ನಾನು ಒಂದು ವರ್ಷ ಎರಡನ್ನೂ ಜೊತೆಗೇ ನಡೆಸಿದೆ. ಎಎ ಎಲ್ಲರಿಗೂ ಹೊಂದುತ್ತದೆ ಅಂತಲೂ ಹೇಳಲ್ಲ. ನನ್ನ ಅಂಗಡಿ ಪಕ್ಕದವರು ಧರ್ಮಸ್ಥಳ ಯೋಜನೆಯವರು ಮಾಡೋ ಎಂಟು ದಿನದ ಮದ್ಯವರ್ಜನ ಶಿಬಿರಕ್ಕೆ ಹೋಗಿಬಂದರು. ಶಿಬಿರ ಮುಗಿದ ಮೇಲೂ ಊರಲ್ಲಿ ನವಜೀವನ ಸಮಿತಿ ಅಂತ ಸೇರುತ್ತಾರೆ. ಅವರಿಗೆ ಅದು ಹಿಡಿಯಿತು.

ಐದನೇ ತಿಂಗಳಲ್ಲಿ ಜಾರಿದೆ. ಅಣ್ಣನ ಮಗನ ಮದುವೆ, ಗಂಗಾವತಿಯಲ್ಲಿ. ಒಂದೇ ಪೆಗ್ ಅಂತ ಶುರುವಾಗಿ ನಾಲ್ಕು ದಿನ ಆಯಿತು. ಮತ್ತೆ ಮೀಟಿಂಗ್‌ಗೆ ಹೋಗೋ ಮುಖ ಇರಲಿಲ್ಲ. ಹೆಂಡತಿ ಅಂದಳು, "ಏನ್ರೀ, ಜ್ವರ ತಿರುಗಿ ಬಂದ್ರೆ ಆಸ್ಪತ್ರೆಗೆ ಹೋಗಲ್ವಾ?" ಹೋದೆ. ಯಾರೂ ಯಾಕೆ ಅಂತ ಕೇಳಲಿಲ್ಲ. "ಬಂದ್ರಲ್ಲ, ಕೂತ್ಕೊಳ್ರಿ" ಅಂದರು. ದಿನದ ಲೆಕ್ಕ ಮತ್ತೆ ಒಂದರಿಂದ ಶುರು. ಆ ಲೆಕ್ಕ ಬರೋ ದಸರಾಕ್ಕೆ ಮೂರು ವರ್ಷ ಆಗುತ್ತದೆ.

ಅವಳ ವಿಷಯ ಬರೆಯದೆ ಇದು ಪೂರ್ತಿ ಆಗಲ್ಲ. ತಿಂಗಳಿಗೊಮ್ಮೆ ಮನೆಯವರೂ ಬರಬಹುದಾದ ಓಪನ್ ಮೀಟಿಂಗ್ ಇರುತ್ತದೆ, ಅದಕ್ಕೆ ಬಂದಳು. ಇನ್ನೊಬ್ಬರ ಹೆಂಡತಿ, ತಾನು ಗಂಡನ ಶರ್ಟಿನ ಜೇಬು ಮೂಸಿ ನೋಡುತ್ತಿದ್ದೆ ಅಂತ ಹೇಳಿದಾಗ ಇವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಪುಡಿ ಹಾಕಿದ್ದಕ್ಕೆ ನಾಲ್ಕು ವರ್ಷದ ಹಿಂದೆ ನಾನು ಅವಳಿಗೆ ಆಡಿದ ಮಾತು ಇಲ್ಲಿ ಬರೆಯೋ ಹಾಗಿಲ್ಲ. ಕುಡಿಯುವವರ ಮನೆಯವರಿಗಾಗಿಯೇ ಆಲ್-ಅನಾನ್ ಅನ್ನೋ ಬೇರೆ ಗುಂಪುಗಳಿವೆ, 1951ರಲ್ಲಿ ಶುರುವಾದದ್ದು. ಕುಡಿಯೋನು ಬಿಡದಿದ್ದರೂ ಮನೆಯವರು ಹೋಗಬಹುದು.

ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗದವರು 14446ಕ್ಕೆ ಫೋನ್ ಮಾಡಿ, ವ್ಯಸನ ಬಿಡಿಸುವ ಸರ್ಕಾರದ ಸಹಾಯವಾಣಿ. ಮನಸ್ಸು ತೀರಾ ಕುಸಿದಿದ್ದರೆ 14416, ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆಯ ಮನೋವೈದ್ಯರ ವಿಭಾಗದಲ್ಲಿ ಕೇಳಿದರೆ ಹತ್ತಿರದ ಮೀಟಿಂಗ್ ಯಾವುದು ಅಂತ ಹೇಳುವವರು ಸಿಗುತ್ತಾರೆ. ನನಗೆ ಸಿಕ್ಕಿದ್ದು ಹಾಗೇ.

ಎಂಟನೇ ಹೆಜ್ಜೆ, ನಮ್ಮಿಂದ ನೋವಾದವರ ಪಟ್ಟಿ ಬರೆಯೋದು. ಒಂಬತ್ತನೆಯದು, ಅವರಿಗೆ ಹೊಸದಾಗಿ ಕೇಡಾಗದ ಹಾಗೆ ನೋಡಿಕೊಂಡು ಸರಿಮಾಡೋದು. ನನ್ನ ಪಟ್ಟಿ ಅಂಗಡಿಯ ಬಿಲ್ ಬುಕ್ಕಿನ ಹಿಂದಿನ ಹಾಳೆಯಲ್ಲಿದೆ. ಮೊದಲ ಹೆಸರು ಹೆಂಡತಿದು, ಎರಡನೆಯದು ಮಗಳದು, ಆ ಎರಡು ಒಂದೇ ಸಲಕ್ಕೆ ಮುಗಿಯೋವಲ್ಲ. ಆಟೋದಲ್ಲಿ ಹೊತ್ತೊಯ್ದ ಹುಡುಗನಿಗೆ ಕೊಡಬೇಕಿದ್ದ ಎಂಟು ತಿಂಗಳ ಸಂಬಳ ಕಂತಿನಲ್ಲಿ ತೀರಿಸಿದೆ. ಆ ಹಿರಿಯರ ಮೋಟಾರ್ ತರಿಸಿ, ಮೊದಲಿಂದ ಬಿಚ್ಚಿ, ಒಂದೊಂದೇ ಸುತ್ತು ಎಣಿಸಿ ಕಟ್ಟಿದೆ. ದುಡ್ಡು ಬೇಡ ಅಂದೆ. ಅವರು ಒಂದು ಚೀಲ ಮೆಣಸಿನಕಾಯಿ ಇಟ್ಟು ಹೋದರು. ಎರಡು ಬೇಸಿಗೆ ಕಳೆದಿದೆ, ಮೋಟಾರ್ ಓಡುತ್ತಿದೆ.

ಪಟ್ಟಿಯಲ್ಲಿ ಇನ್ನೂ ನಾಲ್ಕು ಹೆಸರಿವೆ. ಒಬ್ಬರು ಕುರುಗೋಡಿನಲ್ಲಿದ್ದಾರೆ. ಭಾನುವಾರ ಅಂಗಡಿ ರಜೆ, ಹೋಗಿಬರಬೇಕು.